ಅಮ್ಮನ ಮರೆವಿಗೆ ಟಿಎಂಎಸ್ಸೋ, ಟಿಡಿಸಿಎಸ್ಸೋ?

ಎರಡೂ ತಲೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವ ವಿಧಾನಗಳು. ಟಿಎಂಎಸ್ ಎಂದರೆ ತಲೆಗೆ ತಾಗಿಸಿದ ಸುರುಳಿಯಿಂದ ಮಿದುಳಿಗೆ ಕಾಂತದ ಮಿಡಿತ. ಟಕಟಕ ಸದ್ದು ಜೋರು, ಇಯರ್‌ಪ್ಲಗ್ ಬೇಕೇ ಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಕೂರಿಸಿದ ಶ್ರವಣ ಸಾಧನ) ಇದ್ದವರಿಗೆ ಸಲ್ಲದು. ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಸಾಮಾನ್ಯವಾಗಿ ವಾರಕ್ಕೆ 5 ದಿನ. ಅಮ್ಮನನ್ನು ಕುಂದಾಪುರದಿಂದ ಮಣಿಪಾಲದ ಆಸ್ಪತ್ರೆಗೆ ದಿನಾ ಯಾರು ಕರೆತರುತ್ತಾರೆ, ಗಟ್ಟಿ ಮಾಡಿಕೊಳ್ಳಿ.

ಟಿಡಿಸಿಎಸ್ ಎಂದರೆ ಉಪ್ಪುನೀರಲ್ಲಿ ನೆನೆಸಿದ ಸ್ಪಂಜುಗಳನ್ನು ತಲೆಗಿಟ್ಟು ಹಾಯಿಸುವ ಸಣ್ಣ ನೇರ ಕರೆಂಟು. ಇದಕ್ಕೆ ಸದ್ದಿಲ್ಲ: 1–2 ಮಿಲಿಆಂಪಿಯರ್, ಸುಮಾರು 20 ನಿಮಿಷ. ಎಡವಟ್ಟಾಗುವುದು ಸ್ಪಂಜಿನಲ್ಲಿ. ಉಪ್ಪುನೀರು ಆರಿದರೆ ಕರೆಂಟು ಒಂದೇ ಕಡೆ ಹರಿದು ಚರ್ಮ ಸುಡಬಹುದು. ನೀರು ಸೋರಿ ಹರಡಿದರೆ ಗುರಿ ತಪ್ಪುತ್ತದೆ. ನಮ್ಮ ಕಡೆಯ ತೆಂಗಿನೆಣ್ಣೆಯೂ ಅಡ್ಡಿಯೇ, ತಲೆ ತೊಳೆದು ಎಣ್ಣೆ ಹಚ್ಚದೆ ಬನ್ನಿ.

ಮರೆವಿನ ಜೊತೆ ಖಿನ್ನತೆಯೂ ಇದ್ದರೆ ಟಿಎಂಎಸ್ ಮೇಲು, ಖಿನ್ನತೆಯಲ್ಲಿ ಅದರ ಪುರಾವೆ ಗಟ್ಟಿ. ಬರೀ ಮರೆವಿಗೆ ಎರಡೂ ಇನ್ನೂ ಪ್ರಯೋಗದ ಹಂತವೇ. 2022ರಲ್ಲಿ 65–88ರ ವಯಸ್ಸಿನವರಲ್ಲಿ ಒಂದು ತಿಂಗಳು ಉಳಿದ ನೆನಪಿನ ಸುಧಾರಣೆ ಕಂಡದ್ದು ಟಿಎಸಿಎಸ್ ಎಂಬ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನ ಬೇರೆಯೇ ವಿಧಾನದಲ್ಲಿ. ಅದನ್ನು ತೋರಿಸಿ ಮಾರುವ ಟಿಡಿಸಿಎಸ್ ಪೆಟ್ಟಿಗೆ ಕೊಳ್ಳಬೇಡಿ. ಮರೆವಿನ ಹಿಂದೆ ಬೇರೆ ಕಾರಣವಿದೆಯೇ ತಿಳಿಯಲು ಬಿ12, ಥೈರಾಯ್ಡ್, ಕಿವಿ ಪರೀಕ್ಷೆ ಮೊದಲು ಮಾಡಿಸಿ.