ಅಳಿಸಿಹೋದ 187 ಬರಹ: ಯಾವ ದಾರಿಯಲ್ಲಿ ಎಷ್ಟು ಸಿಕ್ಕಿತು?

ಅಪ್ಪೆಮಿಡಿಗೆ ಉಪ್ಪು ಎಷ್ಟು ಹಾಕಬೇಕು ಅಂತ ನೋಡೋಣ ಎಂದು ಮಾರ್ಚ್‌ನಲ್ಲಿ ನನ್ನದೇ ಬ್ಲಾಗ್ ತೆರೆದೆ. ಪುಟವೇ ಇಲ್ಲ. 2009ರಲ್ಲಿ ಅಜ್ಜಿಯ ಪಕ್ಕ ಕೂತು ಬರೆದುಕೊಂಡಿದ್ದ ಲೇಖನ ಅದು. ಹಿಂದೆ ಮುಂದೆ ತಡಕಾಡಿದರೆ 2008ರಿಂದ 2012ರವರೆಗಿನ ಯಾವುದೂ ಇಲ್ಲ. ಒಟ್ಟು 412 ಬರಹಗಳಲ್ಲಿ 187 ಮಾಯ.

ಸ್ಪ್ಯಾಮ್ ಫೋಲ್ಡರಿನಲ್ಲಿ ಒಂದು ಮೇಲ್ ಬಿದ್ದಿತ್ತು. ಹಳೇ ಮಾದರಿಯ ಪುಟಗಳನ್ನು ಇಂಥ ದಿನದೊಳಗೆ ಹೊಸ ಮಾದರಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ತೆಗೆಯುತ್ತೇವೆ ಅಂತ. ಆ ದಿನ ದಾಟಿ ಎರಡು ತಿಂಗಳಾಗಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಬಿಟ್ಟಿ ಜಾಗಕ್ಕೆ ಇದೇ ಗತಿ ಎಂದು ಕೆಲವರು ಅಂದರು. ಹಾಗೇನೂ ಇಲ್ಲ. ಟೈಪ್‌ಪ್ಯಾಡ್ ದುಡ್ಡು ಕೊಟ್ಟು ಬಳಸುವ ಬ್ಲಾಗ್ ಸೇವೆಯಾಗಿತ್ತು. 2003ರಲ್ಲಿ ಶುರುವಾದದ್ದು 2025ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು.

ಆಮೇಲೆ ಎರಡು ತಿಂಗಳು ಸಿಕ್ಕಿದ ದಾರಿಯನ್ನೆಲ್ಲಾ ಹಿಡಿದು ನೋಡಿದೆ. ಪ್ರತಿ ದಾರಿಗೂ ಒಂದೇ ಪರೀಕ್ಷೆ ಇಟ್ಟೆ: ಅಪ್ಪೆಮಿಡಿ ಲೇಖನ ಸಿಗುತ್ತದಾ, ಸಿಕ್ಕರೆ ಪೂರ್ತಿ ಸಿಗುತ್ತದಾ?

ಮೊದಲು ಮಾಡಿದ್ದು ಎಲ್ಲರೂ ಹೇಳುವ ಕೆಲಸ. ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಂಡೆ. ಒಂದು ಎಕ್ಸ್‌ಎಂಎಲ್ ಫೈಲು ಬಂತು. ಉಳಿದಿದ್ದ 225 ಬರಹ ಅದರಲ್ಲಿವೆ, ಹೋದವು ಇಲ್ಲ. ಇಲ್ಲದ್ದು ಬರುವುದಾದರೂ ಹೇಗೆ? ಇದು ಕದ ಗಟ್ಟಿ ಇರುವಾಗ ಮಾಡಬೇಕಾದ ಕೆಲಸ, ಕಳ್ಳ ಬಂದು ಹೋದ ಮೇಲೆ ಅಲ್ಲ. ಇನ್ನೊಂದು ಮಾತು. ಇಂಥ ಫೈಲಿನಲ್ಲಿ ಸಾಮಾನ್ಯವಾಗಿ ಚಿತ್ರಗಳು ಇರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತದೆ. ಬರಹ ನಿಮ್ಮ ಲ್ಯಾಪ್‌ಟಾಪಿನಲ್ಲಿ, ಫೋಟೋ ಅವರ ಮನೆಯಲ್ಲೇ. ಅವರು ಅಳಿಸಿದ ದಿನ ನಿಮ್ಮ ಬ್ಯಾಕಪ್‌ನಲ್ಲೂ ಖಾಲಿ ಚೌಕ ಕಾಣುತ್ತದೆ.

ಎರಡನೆಯದು ವೇಬ್ಯಾಕ್ ಮಷೀನ್, ವೆಬ್ ಪುಟಗಳ ಹಳೇ ಪ್ರತಿಗಳನ್ನು ಎತ್ತಿಡುವ ತಾಣ. ಬ್ರೂಸ್ಟರ್ ಕಾಹ್ಲ್ 1996ರಲ್ಲಿ ಶುರು ಮಾಡಿದ ಇಂಟರ್ನೆಟ್ ಆರ್ಕೈವ್‌ನದು ಇದು. ಜನರಿಗೆ ತೆರೆದಿದ್ದು 2001ರಲ್ಲಿ. ಹಿಂದೆ ಗೂಗಲ್ ಹುಡುಕಾಟದಲ್ಲೇ ಪುಟದ ಎತ್ತಿಟ್ಟ ಪ್ರತಿಗೆ ಕ್ಯಾಶೆ ಅಂತ ಒಂದು ಕೊಂಡಿ ಸಿಗುತ್ತಿತ್ತು, 2024ರಲ್ಲಿ ಅದನ್ನು ತೆಗೆದರು. ಹಾಗಾಗಿ ಈಗ ಕಳೆದುಕೊಂಡವರೆಲ್ಲಾ ಮೊದಲು ಬರುವುದು ಇಲ್ಲಿಗೇ.

ಬ್ಲಾಗಿನ ವಿಳಾಸ ಹಾಕಿ ಕೊನೆಗೊಂದು ನಕ್ಷತ್ರದ ಗುರುತು ಕೊಟ್ಟರೆ ಅವರ ಬಳಿ ಇರುವ ಪುಟಗಳ ಪಟ್ಟಿಯೇ ಬರುತ್ತದೆ. ಇದು ಗೊತ್ತಾಗುವವರೆಗೆ ನಾನು ಮೂರು ದಿನ ಒಂದೊಂದೇ ವಿಳಾಸ ಹಾಕಿ ಕಣ್ಣು ನೋಯಿಸಿಕೊಂಡೆ. ಒಂದು ಪುಟ ಆರಿಸಿದರೆ ಕ್ಯಾಲೆಂಡರ್ ತೆರೆಯುತ್ತದೆ. ನೀಲಿ ಚುಕ್ಕೆ ಇದ್ದ ದಿನ ಪುಟ ಚೆನ್ನಾಗಿ ಸಿಕ್ಕಿದೆ ಅಂತ ಅರ್ಥ. ಹಸಿರು ಚುಕ್ಕೆ ಅಂದರೆ ಆ ಪುಟ ಬೇರೆ ಕಡೆ ಕಳಿಸುತ್ತಿತ್ತು ಅಂತ. ಪ್ರತಿಯ ವಿಳಾಸದ ನಡುವೆ 14 ಅಂಕಿ ಇರುತ್ತವೆ, ವರ್ಷದಿಂದ ಹಿಡಿದು ಸೆಕೆಂಡಿನವರೆಗೆ. ನನ್ನ ಅಡುಗೆಮನೆ ಬರಹವನ್ನು ಯಾವ ಸೆಕೆಂಡಿಗೆ ಎತ್ತಿಟ್ಟರು ಅಂತ ನೋಡಿ ನಗು ಬಂತು.

187ರಲ್ಲಿ 118 ಇಲ್ಲೇ ಸಿಕ್ಕವು. ಅಪ್ಪೆಮಿಡಿಯೂ ಸಿಕ್ಕಿತು, 2010ರ ಪ್ರತಿ. ತೊಟ್ಟು ಉಳಿಸಿ ಕೊಯ್ಯಬೇಕು, ಸೊನೆ ಸೋರಿದರೆ ಘಮ ಹೋಯಿತು ಎಂಬುದೆಲ್ಲಾ ಹಾಗೇ ಇತ್ತು. ಆಮೇಲೆ ನಾನು ಹುಡುಕುತ್ತಿದ್ದ ಸಾಲು: "ಇಷ್ಟು ಮಿಡಿಗೆ ಒಂದು ಸೇರು ಉಪ್ಪು." ಅಷ್ಟೇ. ಯಾವ ಸೇರು? ಕೆಳಗೆ ಆರು ಕಾಮೆಂಟ್ ಇದ್ದವು. ಆರನೆಯದರಲ್ಲಿ ಒಬ್ಬರು ಇದನ್ನೇ ಕೇಳಿದ್ದರು: "ಅಕ್ಕಾ, ಸೇರು ಅಂದ್ರೆ ನಿಮ್ಮ ಕಡೆ ಎಷ್ಟು? ನಮ್ಮಲ್ಲಿ ಬೇರೆ." ನಾನು ಅಜ್ಜಿಯನ್ನು ಕೇಳಿ ಉತ್ತರ ಬರೆದಿದ್ದು ಚೆನ್ನಾಗಿ ನೆನಪಿದೆ. ಆದರೆ ಪ್ರತಿ ತೆಗೆದ ದಿನ ಆ ಉತ್ತರ ಇನ್ನೂ ಬಂದಿರಲಿಲ್ಲ! ಆಮೇಲೆ ಆ ಪುಟಕ್ಕೆ ಅವರ ಯಂತ್ರ ಮತ್ತೆ ಹೋಗಿರಲಿಲ್ಲ. ಅವರನ್ನು ದೂರುವ ಹಾಗಿಲ್ಲ. ಕೇಳದೇ ಎತ್ತಿಟ್ಟವರು ಅವರು. ಅಜ್ಜಿ ಈಗಿಲ್ಲ, ಅವರ ಸೇರೂ ಯಾರ ಮನೆಯಲ್ಲಿದೆಯೋ.

ಈಗ ಬ್ಲಾಗ್ ಇನ್ನೂ ಬದುಕಿದೆ ಅನ್ನುವವರು ಅಲ್ಲೇ ಇರುವ 'ಸೇವ್ ಪೇಜ್ ನೌ' ಬಳಸಿ ಮುಖ್ಯ ಪುಟಗಳನ್ನು ನೀವೇ ಸೇರಿಸಿಬಿಡಿ. ಅದೊಂದನ್ನೇ ನಂಬಿ ಕೂರಬೇಡಿ. 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಆ ತಾಣವೇ ಕೆಲವು ದಿನ ಮುಚ್ಚಿತ್ತು.

ಮೂರನೆಯದು ನನಗೆ ಹೊಳೆದೇ ಇರಲಿಲ್ಲ. ಅಕ್ಕನ ಹತ್ತಿರ ಗೋಳು ಹೇಳಿಕೊಂಡಾಗ ಅವಳು, "ನಿನ್ ಬ್ಲಾಗು ನಂಗೆ ಮೇಲ್‌ನಲ್ಲೇ ಬರ್ತಿತ್ತಲ್ಲೇ, ನಾನು ಯಾವತ್ತೂ ಡಿಲೀಟ್ ಮಾಡಿಲ್ಲ" ಅಂದಳು. ಆಗ ಫೀಡ್‌ಬರ್ನರ್ ಎಂಬ ಸೇವೆಯಲ್ಲಿ ಚಂದಾದಾರರಾದರೆ ಹೊಸ ಬರಹ ಮೇಲ್ ಆಗಿ ಬರುತ್ತಿತ್ತು. 2021ರಲ್ಲಿ ಆ ಮೇಲ್ ಸೌಲಭ್ಯ ನಿಂತಿತು, ಬಂದಿದ್ದ ಮೇಲ್‌ಗಳು ಎಲ್ಲಿಗೆ ಹೋಗುತ್ತವೆ? ಅಕ್ಕನ ಜಿಮೇಲ್‌ನಲ್ಲಿ 11 ಸಾವಿರ ಓದದ ಮೇಲ್ ಇವೆ. ಇಷ್ಟು ದಿನ ಅದಕ್ಕೆ ಬೈಯುತ್ತಿದ್ದೆ. ವೇಬ್ಯಾಕ್‌ನಲ್ಲಿ ಸಿಗದ 69ರಲ್ಲಿ 41 ಅವಳ ಬಳಿ ಪೂರ್ತಿಯಾಗಿ ಇದ್ದವು.

ಅದನ್ನು ನೋಡುತ್ತಾ ಇನ್ನೊಂದು ತಲೆಗೆ ಬಂತು. ಯಾರಾದರೂ ಕಾಮೆಂಟ್ ಹಾಕಿದರೆ ನನಗೊಂದು ಮೇಲ್ ಬರುತ್ತಿತ್ತಲ್ವಾ? ನಾನೇ ಹಾಕಿದ ಉತ್ತರಕ್ಕೂ ಬರುತ್ತಿತ್ತು. ನನ್ನ ಹಳೇ ಇನ್‌ಬಾಕ್ಸಿನಲ್ಲಿ 'ಸೇರು' ಅಂತ ಹುಡುಕಿದೆ. 2011ರ ಜನವರಿಯ ಒಂದು ಮೇಲ್, ಅದರಲ್ಲಿ ನನ್ನದೇ ಮಾತು: "ಅಜ್ಜಿಯ ಸೇರಿಗೆ ನಮ್ಮನೆ ಕಾಫಿ ಲೋಟದಲ್ಲಿ ಐದು, ತಲೆ ಹೊಡೆದು." ಆ ಲೋಟ ಇನ್ನೂ ಇದೆ. ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಅಳೆದೆ.

ಕಾಮೆಂಟುಗಳ ವಿಷಯದಲ್ಲಿ ಇದಕ್ಕೆ ಸರಿಸಾಟಿ ಬೇರೆ ಯಾವ ದಾರಿಯೂ ಇಲ್ಲ. ಜೋಡಿಸುವ ಕೆಲಸ ಮಾತ್ರ ಜಾಸ್ತಿ. ಯಾವ ಕಾಮೆಂಟ್ ಯಾವ ಲೇಖನದ್ದು ಅಂತ ಒಂದೊಂದೇ ಮೇಲ್ ತೆರೆದು ನೋಡಬೇಕು.

ಹಳೇ ಲ್ಯಾಪ್‌ಟಾಪಿನಲ್ಲಿ ಇನ್ನೂ 9 ಸಿಕ್ಕವು. ಅವು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲಾ ಕಡೆ ಬಳಸುವ ಯುನಿಕೋಡ್ ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಬರೀ ವಕ್ರ ವಕ್ರ ಲ್ಯಾಟಿನ್ ಅಕ್ಷರ. ಪರಿವರ್ತಕಕ್ಕೆ ಹಾಕಿದರೆ ಕನ್ನಡವಾಗುತ್ತದೆ, ಒತ್ತಕ್ಷರ ಮತ್ತು ಅರ್ಕಾವತ್ತು ಒಂದು ಸಲ ಕಣ್ಣಲ್ಲಿ ನೋಡಿ ತಿದ್ದಿಕೊಳ್ಳಬೇಕು.

ಸಿಕ್ಕಿದ್ದನ್ನು ಇಡುವುದೆಲ್ಲಿ? ಇಲ್ಲಿ ಇನ್ನೊಂದು ಸುತ್ತು ಹೋಲಿಕೆ.

ಪಿಡಿಎಫ್ ಮಾಡಿಟ್ಟುಕೊಳ್ಳಿ ಅಂತ ಸುಮಾರು ಜನ ಹೇಳಿದರು. ಮಾಡಿದೆ. ನೋಡಲು ಚಂದ. ಆದರೆ ಅದರೊಳಗೆ 'ಉಪ್ಪಿನಕಾಯಿ' ಅಂತ ಹುಡುಕಿದರೆ ಸಿಗಲಿಲ್ಲ, ಕಣ್ಣೆದುರೇ ಇದ್ದರೂ. ಆ ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಒತ್ತು ಒಂದು ಕಡೆ, ಗುಡಿಸು ಇನ್ನೊಂದು ಕಡೆ. ಪಿಡಿಎಫ್ ನೋಡಿಕೊಳ್ಳುವುದು ಅಕ್ಷರದ ಆಕಾರವನ್ನು, ಕಾಗುಣಿತವನ್ನಲ್ಲ. ಇಂಗ್ಲಿಷಿಗೆ ಅದು ಅಷ್ಟಾಗಿ ತೊಂದರೆ ಮಾಡುವುದಿಲ್ಲ, ನಮಗೆ ಮಾಡುತ್ತದೆ. ಓದಲು ಸರಿ, ಮತ್ತೆ ಪ್ರಕಟಿಸಲು ಬೇಡ. ಅಮ್ಮನಿಗಾಗಿ ಒಂದು ಪ್ರಿಂಟ್ ತೆಗೆಸಿ ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಅವಳು ಅದರ ಮೇಲೆ ಆಗಲೇ ಎಣ್ಣೆ ಕೈ ಇಟ್ಟಿದ್ದಾಳೆ.

ವರ್ಡ್‌ಪ್ರೆಸ್‌ನಲ್ಲಿ ಒಂದು ಬಿಟ್ಟಿ ಖಾತೆ ತೆರೆದು ಕೈಯಾರೆ ಇಪ್ಪತ್ತು ಬರಹ ಹಾಕಿದೆ. ಬಳಸಲು ಇದೇ ಸುಲಭ, ಫೋನಿನಲ್ಲೂ ಆಗುತ್ತದೆ, ಕಾಮೆಂಟಿಗೂ ಜಾಗ ಇದೆ. ಒಂದು ಸಂಗತಿ ಮಾತ್ರ ಕನ್ನಡದವರಿಗೆ ಗೊತ್ತಿರಬೇಕು. ಶೀರ್ಷಿಕೆಯಿಂದಲೇ ವಿಳಾಸ ಹುಟ್ಟುತ್ತದೆ, ವಿಳಾಸಕ್ಕೆ 200 ಚಿಹ್ನೆಗಳ ಮಿತಿ. ಕನ್ನಡದ ಒಂದು ಮೂಲಾಕ್ಷರ ಅಥವಾ ಗುಣಿತದ ಗುರುತು ಅಲ್ಲಿ ಒಂಬತ್ತು ಚಿಹ್ನೆಯಾಗಿ ಕೂರುತ್ತದೆ. 'ಪ್ಪೆ' ಒಂದಕ್ಕೇ 36. 'ಅಜ್ಜಿಯ ಅಪ್ಪೆಮಿಡಿ ಉಪ್ಪಿನಕಾಯಿ' ಎಂದು ಕೊಟ್ಟರೆ ವಿಳಾಸ 'ಉಪ್ಪಿನಕ'ದಲ್ಲಿ ನಿಂತುಬಿಡುತ್ತದೆ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸದಲ್ಲಿ 'ಬ್ಲಾಗ್-ಪೋಸ್ಟ್' ಅಂತಲೂ ಒಂದು ಸಂಖ್ಯೆಯೂ ಬರುತ್ತವೆ. ಎರಡರಲ್ಲೂ ವಿಳಾಸವನ್ನು ನಾವೇ ಬರೆಯಬಹುದು. ಪ್ರಕಟಿಸುವ ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ 'ಅಪ್ಪೆಮಿಡಿ' ಎಂದು ಹಾಕಿಬಿಡಿ. ಇದೇನು ಚಿಲ್ಲರೆ ವಿಷಯ ಅನ್ನಬೇಡಿ. ನನ್ನ ಹಳೇ ಬ್ಲಾಗಿನ ವಿಳಾಸಗಳೂ ಬರೀ ಸಂಖ್ಯೆಗಳೇ. ವೇಬ್ಯಾಕ್ ಪಟ್ಟಿಯಲ್ಲಿ ಯಾವುದು ಯಾವ ಲೇಖನ ಅಂತ ತೆರೆದೇ ನೋಡಬೇಕಾಯಿತು.

ಕೊನೆಗೆ ನಾನು ನಿಂತಿದ್ದು ಅಕ್ಕನ ಮಗ ತೋರಿಸಿದ ದಾರಿಯಲ್ಲಿ. ಪ್ರತಿ ಬರಹವೂ ಒಂದೊಂದು ಸಾದಾ ಟೆಕ್ಸ್ಟ್ ಫೈಲು, ಮಾರ್ಕ್‌ಡೌನ್ ಅನ್ನುತ್ತಾರೆ. ಎಲ್ಲಾ ನನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ. ಹ್ಯೂಗೊ ಎಂಬ ತಂತ್ರಾಂಶ ಅದನ್ನು ವೆಬ್ ಪುಟ ಮಾಡುತ್ತದೆ, ಗಿಟ್‌ಹಬ್ ಪೇಜಸ್ ಎಂಬ ಸೇವೆ ಅದನ್ನು ದುಡ್ಡಿಲ್ಲದೆ ಇಂಟರ್ನೆಟ್‌ನಲ್ಲಿ ತೋರಿಸುತ್ತದೆ. ತಾಣ 1 ಜಿಬಿ ಮೀರಬಾರದು ಎಂಬ ಮಿತಿ ಇದೆ. ಫೋಟೋ ಕುಗ್ಗಿಸಿ ಹಾಕಿದೆ, ನನ್ನದು ಅದರ ಹತ್ತಿರವೂ ಬಂದಿಲ್ಲ. ಸ್ವಂತ ಡೊಮೇನ್‌ಗೆ, ಅಂದರೆ ತಾಣದ ಸ್ವಂತ ಹೆಸರಿಗೆ, ವರ್ಷಕ್ಕೆ ಸುಮಾರು 800 ರೂಪಾಯಿ ಕೊಡುತ್ತಿದ್ದೇನೆ. ಗಿಟ್‌ಹಬ್ ನಾಳೆ ಬೇಡ ಅನ್ನಿಸಿದರೆ ಇದೇ ಫೋಲ್ಡರನ್ನು ಬೇರೆ ಕಡೆ ಇಟ್ಟು, ಇದೇ ಡೊಮೇನನ್ನು ಅಲ್ಲಿಗೆ ತಿರುಗಿಸಬಹುದು. ಓದುಗರಿಗೆ ವಿಳಾಸ ಬದಲಾಗುವುದಿಲ್ಲ.

ಕಷ್ಟವಿಲ್ಲ ಅಂತ ಸುಮ್ನೆ ಹೇಳುವುದಿಲ್ಲ. ಮೊದಲ ಭಾನುವಾರ ಎರಡು ಸಲ ಎದ್ದು ಹೋಗಿದ್ದೆ. "ಚಿಕ್ಕಿ, ಕಪ್ಪು ಪರದೆ ನೋಡಿ ಹೆದರ್ಬೇಡ, ಮೂರೇ ಸಾಲು ಕಲಿ" ಅಂದ. ಆ ಮೂರು ಸಾಲನ್ನು ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದೇನೆ. ಫೋನಿನಿಂದ ಬರೆಯುವುದು ನನ್ನಿಂದ ಇನ್ನೂ ಆಗಿಲ್ಲ. ಹೊಸ ಕಾಮೆಂಟಿಗೆ ಜಾಗವೂ ಇಲ್ಲ. ಹಳೇ ಕಾಮೆಂಟುಗಳನ್ನು ಲೇಖನದ ಕೆಳಗೆ ಬರಹವಾಗಿಯೇ ಸೇರಿಸಿದೆ, ದಿನಾಂಕದ ಸಮೇತ. ವಾರಕ್ಕೊಮ್ಮೆ ಬರೆಯುವವರಿಗೆ, ಕಾಮೆಂಟ್ ಬೇಕೇ ಬೇಕು ಅನ್ನುವವರಿಗೆ ವರ್ಡ್‌ಪ್ರೆಸ್ಸೇ ಸರಿ, ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿಕೊಳ್ಳುತ್ತೇವೆ ಎಂದಾದರೆ. ನನ್ನ ಹಾಗೆ ಹಳೆಯದನ್ನು ಕಾಯುವುದೇ ಮುಖ್ಯ ಎಂದಾದರೆ ಫೋಲ್ಡರ್.

118, 41, 9. ಎಲ್ಲಾ ಸೇರಿ 168. ಉಳಿದ 19 ಎಲ್ಲೂ ಇಲ್ಲ. ಅದರಲ್ಲಿ ಹದಿನೇಳು ಹೋದರೆ ಹೋಗಲಿ, ಎರಡು ಬೇಕು: 2010ರ ಮಳೆಗಾಲದಲ್ಲಿ ಕೊಟ್ಟಿಗೆ ಬಿದ್ದಾಗ ಬರೆದದ್ದು, ಮತ್ತೆ ಅಜ್ಜಿ ಹೇಳಿದ ಹಲಸಿನ ಹಪ್ಪಳದ ಲೆಕ್ಕ. ಆಗ ಮೇಲ್‌ನಲ್ಲಿ ನನ್ನ ಬ್ಲಾಗ್ ತರಿಸಿಕೊಳ್ಳುತ್ತಿದ್ದವರು ಇದನ್ನು ಓದುತ್ತಿದ್ದರೆ, ಇನ್‌ಬಾಕ್ಸಿನಲ್ಲಿ 'ಹಪ್ಪಳ' ಅಂತ ಒಂದು ಸಲ ಹುಡುಕಿ ನೋಡ್ತೀರಾ?