ಬೆಂಗಳೂರಿನ ಹೆಸರು ಹೇಳಿ ಮಾರುವ ಎ-2 ಜಾಕೆಟ್: ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಎ-2, ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಪೈಲಟ್‌ಗಳ ಚರ್ಮದ ಜಾಕೆಟ್, ಅಂತ 1,450 ಡಾಲರಿಗೆ ನನ್ನ ತಲೆಗೆ ಕಟ್ಟಿದ್ದು ಈಚಿನ ಕಾಲದ ನಕಲು. ಮಾರಿದವನು ಅಮೆರಿಕದಲ್ಲಿದ್ದಾನೆ. ಕೊಳ್ಳುವವರ ಹೆಸರು ಕನ್ನಡದ್ದು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಕಥೆ ತೆಗೆಯುತ್ತಾನೆ. ನಮ್ಮವರಲ್ಲಿ ಇನ್ನೊಬ್ಬರು ಬೀಳಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜಾಹೀರಾತಿನಲ್ಲಿ ಇದ್ದದ್ದು: ರಫ್ ವೇರ್ ಅನ್ನುವ ತಯಾರಕರ ಲೇಬಲ್, ಕುದುರೆ ಚರ್ಮ, ಸೈಜ್ 40, ಟ್ಯಾಲನ್ ಕಂಪನಿಯ ಜಿಪ್, ಎಡತೋಳಿಗೆ ಸಿಬಿಐ (ಚೀನಾ-ಬರ್ಮಾ-ಇಂಡಿಯಾ ರಣರಂಗ) ಪ್ಯಾಚ್, ಬೆನ್ನಿಗೆ ಬಣ್ಣದಲ್ಲಿ ಬರೆದ ಸಿ-47 ಸಾಗಣೆ ವಿಮಾನ, ಅದರ ಕೆಳಗೆ ಸಾಲಾಗಿ ಹನ್ನೊಂದು ಒಂಟೆ. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್ಮಿಂಗಿಗೆ ಸಾಮಾನು ಸಾಗಿಸಿದವರು, ಅಂದರೆ 'ಹಂಪ್' (ಡುಬ್ಬ) ಹಾರಿದವರು, ಒಂದೊಂದು ಸಲಕ್ಕೆ ಒಂದೊಂದು ಒಂಟೆ ಬರೆಯುವ ರೂಢಿ ಇದ್ದದ್ದು ನಿಜ. ಪ್ಯಾಚ್ ಕೂಡ ಅಸಲಿ, ಇದನ್ನು ಈಗಲೂ ಹೇಳುತ್ತೇನೆ. ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು ಬಿಳಿ ಪಟ್ಟೆ, ಜರಿದಾರದ ಕೈಕಸೂತಿ. ಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲೇ ಕೂತು ಹೊಲಿದುಕೊಡುತ್ತಿದ್ದ ಬಗೆ ಅದು. ಆ ಪ್ಯಾಚ್ ಅಸಲಿ ಅಂತ ಕಂಡದ್ದಕ್ಕೇ ಉಳಿದದ್ದನ್ನೂ ನಂಬಿದ್ದು. ಅವನಿಗೆ ಬೇಕಾಗಿದ್ದೂ ಅದೇ.

ಮೊದಲ ಸಂದೇಶದಲ್ಲಿ ಬೆಂಗಳೂರಿನ ಸುದ್ದಿಯೇ ಇರಲಿಲ್ಲ, ಗಮನಿಸಿ. ನನ್ನ ಹೆಸರು ನೋಡಿ "ನೀವು ಬೆಂಗಳೂರಿನ ಕಡೆಯವರಾ?" ಅಂತ ಕೇಳಿದ. ಹೌದು ಅಂದೆ. ಮಾರನೇ ದಿನ ಉದ್ದನೆಯ ಉತ್ತರ: "ಈ ಜಾಕೆಟಿನ ಪೈಲಟ್ 1942ರ ಆರಂಭದಲ್ಲಿ ಬೆಂಗಳೂರಿನ ಅಮೆರಿಕನ್ ಡಿಪೋದಲ್ಲೇ ಇದ್ದವರು. ಇದು ನಿಮ್ಮ ಊರಿನವರ ಕೈ ಸೇರಿದರೆ ಅವರ ಮನೆಯವರಿಗೆ ಸಂತೋಷ." ಈ ಮಾತಿಗೆ ಮನಸ್ಸು ಕರಗಿತು. ಆದರೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ನರ ಕೈಗೆ ಹೋಗಿ 84ನೇ ಏರ್ ಡಿಪೋ ಆದದ್ದು 1943ರಲ್ಲಿ. 1942ರ ಆರಂಭದಲ್ಲಿ ಅಲ್ಲಿ ಅಂಥ ಡಿಪೋ ಎಲ್ಲಿತ್ತು? ಇಸವಿ ಗೊತ್ತಿದ್ದೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ನೆನೆದರೆ ಈಗಲೂ ಮುಖ ಸುಡುತ್ತದೆ.

ಪೈಲಟ್ ಹೆಸರು ಕೇಳಿದ್ದಕ್ಕೆ "1973ರ ಬೆಂಕಿಯಲ್ಲಿ ದಾಖಲೆ ಸುಟ್ಟುಹೋಗಿವೆ, ಹುಡುಕಿ ಪ್ರಯೋಜನ ಇಲ್ಲ" ಅಂದ. ಅಮೆರಿಕದ ಸೇಂಟ್ ಲೂಯಿಸಿನ ಸೇನಾ ದಾಖಲೆ ಕಚೇರಿಯ ಬೆಂಕಿ ನಿಜ, ಸೈನಿಕರ ಲಕ್ಷಾಂತರ ಕಡತ ಸುಟ್ಟದ್ದೂ ನಿಜ. ಆದರೆ ಸೇನೆಗೆ ಸೇರಿದವರ ಪಟ್ಟಿ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹುಡುಕಲು ಸಿಗುತ್ತದೆ, ವಾಯುದಳದ ತುಕಡಿಗಳ ಇತಿಹಾಸ ಅಲಬಾಮಾದ ವಾಯುನೆಲೆ ಮ್ಯಾಕ್ಸ್‌ವೆಲ್‌ನಲ್ಲಿದೆ. ಬೆಂಕಿಯ ನೆಪ ಹೇಳಿ ಹೆಸರನ್ನೇ ಕೊಡದವರ ಹತ್ತಿರ ವ್ಯವಹಾರ ಬೇಡ.

ಒಳಗಿನ ಅಸ್ತರಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ ಅಂದೆ. "ಜಿಪ್ ತುಂಬ ಹಳೆಯದು, ಪದೇ ಪದೇ ತೆರೆಯಲು ಆಗಲ್ಲ" ಅಂತ ಒಂದೇ ಒಂದು ಮಸುಕು ಫೋಟೋ ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು. ದುಡ್ಡನ್ನು ಖರೀದಿ ಅಂತ ಅಲ್ಲ, ಸ್ನೇಹಿತರಿಗೆ ಸುಮ್ಮನೆ ಕಳಿಸುವ ದಾರಿಯಲ್ಲಿ ಕಳಿಸಿ, ಕಮಿಷನ್ ಉಳಿಯುತ್ತದೆ ಅಂದ. ಕಳಿಸಿದೆ. ಆ ದಾರಿಯಲ್ಲಿ ಹೋದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಇರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಪಾರ್ಸೆಲ್ ಬಂತು. ಹೊರನೋಟಕ್ಕೆ ಎಲ್ಲ ಸರಿ. ಬೆನ್ನು ಒಂದೇ ತುಂಡು ಚರ್ಮ, ಜೇಬಿಗೆ ಪಕ್ಕದಿಂದ ಕೈ ತೂರಿಸುವ ದಾರಿ ಇಲ್ಲ, ಕಾಲರ್ ತುದಿಗೆ ಒತ್ತುಗುಂಡಿ. ಇವಿಷ್ಟನ್ನೂ ಈಗಿನ ಒಳ್ಳೆಯ ನಕಲು ತಯಾರಕರು ಚಾಚೂ ತಪ್ಪದೆ ಮಾಡುತ್ತಾರೆ, ಕುದುರೆ ಚರ್ಮವನ್ನೇ ಬಳಸುತ್ತಾರೆ. ಅವರು ಮೋಸಗಾರರಲ್ಲ, ನಕಲು ಅಂತ ಹೇಳಿಯೇ ಮಾರುತ್ತಾರೆ. ಅದನ್ನು ಕೊಂಡು, ಅವರ ಗುರುತು ಕಿತ್ತು, ಉಜ್ಜಿ ಸವೆಸಿ ಹಳೆಯದು ಅಂತ ಮಾರುವವನೇ ಕಳ್ಳ.

ಗೊತ್ತಾದದ್ದು ಹೀಗೆ. ಲೇಬಲ್ ಸುತ್ತ ಅಸ್ತರಿನಲ್ಲಿ, ಲೇಬಲ್‌ಗಿಂತ ಕಾಲು ಅಂಗುಲ ದೊಡ್ಡದಾಗಿ, ಬಣ್ಣ ಮಾಸದ ಚೌಕ. ಅದರ ಅಂಚಿಗೆ ಖಾಲಿ ಸೂಜಿ ತೂತುಗಳ ಸಾಲು. ಅಂದರೆ ಮೊದಲು ಅಲ್ಲಿ ಬೇರೆ, ಇನ್ನೂ ದೊಡ್ಡ ಲೇಬಲ್ ಇತ್ತು. ಎದೆ ಧಸಕ್ಕೆಂದಿತು. ಕತ್ತಲೆ ಕೋಣೆಗೆ ಒಯ್ದು 365 ನ್ಯಾನೋಮೀಟರ್ ಯುವಿ ಟಾರ್ಚ್ ಹಾಕಿದರೆ ಲೇಬಲ್ ಹೊಲಿದ ದಾರ, ತೋಳಿನ ಒಳಹೊಲಿಗೆ, ಅಸ್ತರು ಎಲ್ಲ ನೀಲಿಯಾಗಿ ಹೊಳೆಯಿತು, ಈಗಿನ ಕಾಲದ ದಾರ ಬಟ್ಟೆ ಹೊಳೆಯುವ ಹಾಗೆ. ಒಂದು ಮಾತು: ಬರೀ ಹೊಳಪು ನೋಡಿ ತೀರ್ಮಾನ ಮಾಡಬೇಡಿ. ಈಗಿನ ಸೋಪಿನ ಪುಡಿಯಲ್ಲಿ ಒಗೆದರೆ ಅಸಲಿ ಹತ್ತಿ ಅಸ್ತರೂ ಹೊಳೆಯುತ್ತದೆ. ಅದಕ್ಕೆ ಒಳಹೊಲಿಗೆಯಿಂದ ಅರ್ಧ ಅಂಗುಲ ಸಡಿಲ ದಾರ ಕತ್ತರಿಸಿ, ಚಿಮಟದಲ್ಲಿ ಹಿಡಿದು ಸುಟ್ಟೆ. ಹತ್ತಿ ದಾರ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಇದು ಕರಗಿ ಕಪ್ಪು ಮಣಿಯಾಗಿ ಗಂಟುಕಟ್ಟಿತು. ಪಾಲಿಯೆಸ್ಟರ್. ಎ-2 ಸೇನೆಗೆ ಬಂದದ್ದು 1931ರಲ್ಲಿ, ಖರೀದಿ ನಿಂತದ್ದು 1943ರಲ್ಲಿ. ಪಾಲಿಯೆಸ್ಟರ್ ದಾರ ಅಂಗಡಿಗೆ ಬಂದದ್ದೇ ಯುದ್ಧ ಮುಗಿದ ಮೇಲೆ.

ಜಿಪ್ ಹಳೆಯ ಟ್ಯಾಲನ್ನೇ. ಆದರೆ ಅದರ ಪಕ್ಕದ ಚರ್ಮದಲ್ಲಿ ಎರಡು ಸಾಲು ತೂತು. ಬಟ್ಟೆಯಲ್ಲಿ ತೂತು ಮುಚ್ಚಿಕೊಂಡೀತು, ಚರ್ಮದಲ್ಲಿ ಒಮ್ಮೆ ಸೂಜಿ ಇಳಿದರೆ ಗುರುತು ಹೋಗುವುದಿಲ್ಲ. ಎಲ್ಲಿಂದಲೋ ತಂದ ಅಸಲಿ ಜಿಪ್ಪನ್ನು ಇದಕ್ಕೆ ಕೂರಿಸಿದ್ದಾನೆ. ಯುದ್ಧಕಾಲದ ಎಷ್ಟೋ ಜಾಕೆಟ್‌ಗಳಲ್ಲಿ ಜಿಪ್, ಉಣ್ಣೆಯ ಕಫ್, ಸೊಂಟದ ಪಟ್ಟಿ ಬದಲಾಗಿರುತ್ತವೆ, ಅದು ತಪ್ಪಲ್ಲ, ಹೇಳಿ ಮಾರಿದರೆ.

ಆಮೇಲೆ ಬೆನ್ನಿನ ಚಿತ್ರ. ಭೂತಗನ್ನಡಿ ಹಿಡಿದು ನೋಡಿ. 80 ವರ್ಷ ಹಳೆಯ ಬಣ್ಣ ಚರ್ಮದ ಜೊತೆಗೇ ಬಿರಿದಿರುತ್ತದೆ, ಚರ್ಮ ಮಡಿಸಿದ ಕಡೆ ಬಣ್ಣ ಒಡೆದು ಉದುರಿರುತ್ತದೆ. ಇಲ್ಲಿ ಚರ್ಮದ ಬಿರುಕಿನ ಒಳಕ್ಕೇ ಬಣ್ಣ ಇಳಿದು ಕೂತಿದೆ. ಅಂದರೆ ಮೊದಲು ಬಿರುಕು, ಆಮೇಲೆ ಬಣ್ಣ. ಐದನೇ ಒಂಟೆಯ ಕಾಲು ಬಿರುಕಿನಲ್ಲಿ ಹರಿದು ಬೆರಳುದ್ದ ಹೋಗಿದೆ. ಕೊನೆಗೆ ಪ್ಯಾಚಿನ ಒಂದು ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ ಎತ್ತಿ ನೋಡಿದೆ. ಅಷ್ಟು ವರ್ಷ ಮುಚ್ಚಿದ್ದ ಜಾಗದ ಚರ್ಮ ಸುತ್ತಲಿನದಕ್ಕಿಂತ ಗಾಢವಾಗಿ, ಉಜ್ಜದೆ ಉಳಿದಿರಬೇಕು. ಒಳಗೂ ಹೊರಗೂ ಒಂದೇ ಬಣ್ಣ, ಒಂದೇ ಸವೆತ. ಪ್ಯಾಚ್ ಹೊಲಿದು ಬಹಳ ದಿನ ಆಗಿಲ್ಲ.

ಅವನ ಉತ್ತರಗಳನ್ನು ಕೇಳಿ. ಯುವಿ ಫೋಟೋ ಕಳಿಸಿದೆ: "ನನ್ನ ಹೆಂಡತಿ ಅಸ್ತರು ಒಗೆದಿದ್ದಳು." ಸುಟ್ಟ ದಾರ ಕಳಿಸಿದೆ: "80 ವರ್ಷದಲ್ಲಿ ಯಾರಾದರೂ ಹೊಲಿಗೆ ಹಾಕಿಸಿರಬಹುದು." ಯಾರಾದರೂ ಅಂದರೆ? ಜಾಕೆಟ್ ಪೂರ್ತಿ ಬಿಚ್ಚಿ ಮತ್ತೆ ಹೊಲಿದರಾ? ಲೇಬಲ್ ಕೆಳಗಿನ ಚೌಕದ ಫೋಟೋ ಕಳಿಸಿದೆ: "ನಾನು ಡಬ್ಲ್ಯೂಡಬ್ಲ್ಯೂ-2 (ಎರಡನೇ ಮಹಾಯುದ್ಧ) ಎ-2 ಅಂದೆ, ಒರಿಜಿನಲ್ ಅನ್ನುವ ಪದ ನನ್ನ ಜಾಹೀರಾತಿನಲ್ಲಿ ತೋರಿಸಿ." ಹೋಗಿ ನೋಡಿದೆ. ನಿಜವಾಗಿ ಆ ಪದ ಎಲ್ಲೂ ಇಲ್ಲ! 'ಮ್ಯೂಸಿಯಂ ಗುಣಮಟ್ಟ' ಇದೆ, 'ಅಪರೂಪ' ಇದೆ, 'ಒರಿಜಿನಲ್' ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇದಕ್ಕೆ. ವಾಪಸ್ ತಗೊಳ್ಳಿ ಅಂದರೆ: "ನೀವು ಪ್ಯಾಚ್ ಬಿಚ್ಚಿದ್ದೀರಿ, ಹಾಳಾದ ಮಾಲು ವಾಪಸ್ ಇಲ್ಲ." ಆಮೇಲೆ ಬ್ಲಾಕ್ ಮಾಡಿದ. ಆದ್ದರಿಂದ ದಯವಿಟ್ಟು ಯಾವ ಹೊಲಿಗೆಯನ್ನೂ ಬಿಚ್ಚುವ ಮುಂಚೆ, ಒಂದು ಎಳೆ ಕತ್ತರಿಸುವ ಮುಂಚೆಯೂ, ಫೋಟೋ ತೆಗೆದು ಮಾರಿದವನಿಗೆ 'ವಾಪಸ್ ಕಳಿಸುತ್ತೇನೆ' ಅಂತ ಬರೆದು ಹಾಕಿಬಿಡಿ.

ಲೇಬಲ್ ಅಕ್ಷರ ಓದುವುದು ಕಲಿಯಿರಿ. ಯುದ್ಧಕಾಲದ ಎ-2 ಲೇಬಲ್‌ನಲ್ಲಿ ಡ್ರಾಯಿಂಗ್ ನಂಬರ್ 30-1415 ಇರುತ್ತದೆ, 'ಏರ್ ಫೋರ್ಸ್, ಯು.ಎಸ್. ಆರ್ಮಿ' ಅಂತ ಇರುತ್ತದೆ. ಬರೀ 'ಯು.ಎಸ್. ಏರ್ ಫೋರ್ಸ್' ಅಂತಿದ್ದರೆ ಅದು 1947ರ ನಂತರದ ಮಾತು, ಪ್ರತ್ಯೇಕ ವಾಯುಪಡೆ ಆದದ್ದೇ ಆಗ. ನೈಲಾನಿನ ಎಂಎ-1 ಪೈಲಟ್ ಜಾಕೆಟ್ ಕೊಳ್ಳುವವರಿಗೂ ಇದೇ ಕಾಟ. ಲೇಬಲ್‌ನಲ್ಲಿ ಡಿಎಸ್ಎ (ಅಮೆರಿಕದ ಆಗಿನ ಸೇನಾ ಸರಬರಾಜು ಇಲಾಖೆ) ಅಂತ ಶುರುವಾಗುವ ಗುತ್ತಿಗೆ ನಂಬರ್ ಇದ್ದು, ಕೊರಿಯಾ ಯುದ್ಧದ್ದು ಅಂದರೆ ಎದ್ದು ಬನ್ನಿ. ಕೊರಿಯಾ ಯುದ್ಧ ನಿಂತದ್ದು 1953ರಲ್ಲಿ, ಡಿಎಸ್ಎ ಇಲಾಖೆ ಹುಟ್ಟಿದ್ದು 1961ರಲ್ಲಿ.

ಕೊಳ್ಳುವ ಮುಂಚೆ ಕೇಳಬೇಕಾದ ಫೋಟೋಗಳು: ಲೇಬಲ್ ನಾಲ್ಕೂ ಅಂಚು, ಜಿಪ್ಪಿನ ಎರಡೂ ಬದಿಯ ಹೊಲಿಗೆ, ಜೇಬಿನ ಒಳಗಡೆ, ಪ್ಯಾಚಿನ ಹಿಂದೆ ಬರುವ ತೋಳಿನ ಅಸ್ತರು, ಬೆನ್ನಿನ ಬಣ್ಣ ಹತ್ತಿರದಿಂದ. ಜೊತೆಗೆ 'ಇದು ಯುದ್ಧಕಾಲದ ಅಸಲಿ, ಅಲ್ಲದಿದ್ದರೆ ಪೂರ್ತಿ ಹಣ ವಾಪಸ್' ಅಂತ ಬರಹದಲ್ಲಿ ಪಡೆಯಿರಿ. ಕಥೆಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ, ಅದರಲ್ಲೂ ನಿಮ್ಮ ಊರು ಕೇಳಿದ ಮೇಲೆ ಹುಟ್ಟಿದ ಕಥೆಗೆ.

ಮೊನ್ನೆ ಸ್ನೇಹಿತರೊಬ್ಬರ ಖಾತೆಯಿಂದ ನೋಡಿದೆ. ಈಗ ಅವನು ನೌಕಾಪಡೆಯ ಜಿ-1 ಪೈಲಟ್ ಜಾಕೆಟ್ ಒಂದನ್ನು ಮಾರಾಟಕ್ಕೆ ಇಟ್ಟಿದ್ದಾನೆ. ಹಿಂದೆ ನನ್ನ ಜಾಕೆಟಿನ ಫೋಟೋದಲ್ಲಿದ್ದ ಅದೇ ಹಸಿರು ಕಂಬಳಿ, ಅದೇ ಮರದ ಹ್ಯಾಂಗರ್, ಅಸ್ತರಿನದು ಮತ್ತೆ ಒಂದೇ ಮಸುಕು ಫೋಟೋ.