ಗಲ್ಫಿನಿಂದ ಬಂದ ಬೇಸ್ ಆಂಪ್ ಕೊಳ್ಳುವವರು ಮೊದಲು ಹಿಂದಿನ ತಗಡು ಓದಿ

ಕಾಸರಗೋಡು ಜಿಲ್ಲೆಯ ಹೊಸದುರ್ಗದಿಂದ ಮಂಜೇಶ್ವರದವರೆಗೆ ಹುಡುಕಿದರೂ ಬೇಸ್ ಗಿಟಾರ್ ನುಡಿಸುವವರು ಹೆಚ್ಚು ಜನ ಸಿಗುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್ (ಬೇಸ್ ಗಿಟಾರಿನ ಶಬ್ದ ದೊಡ್ಡದು ಮಾಡುವ ಆಂಪ್ಲಿಫೈಯರ್) ಒಂದು ಮಾರಾಟಕ್ಕೆ ಬಂದರೆ ಅದು ತಿರುಗಿ ತಿರುಗಿ ನಮ್ಮಲ್ಲೇ ಯಾರದೋ ಮನೆ ಸೇರುತ್ತದೆ. ಯಾರಾದರೂ ನಿಮಗೆ "ಗಲ್ಫಿನ ಒರಿಜಿನಲ್ ಅಮೇರಿಕನ್ ಆಂಪ್, ಅರ್ಧ ರೇಟು" ಅಂತ ತೋರಿಸಿ, ಜೊತೆಗೊಂದು ತಗಡಿನ ಪೆಟ್ಟಿಗೆ ಕೊಟ್ಟು "ಇದು ಸ್ಟೆಬಿಲೈಸರ್" ಅಂದರೆ ದುಡ್ಡು ಕೊಡಬೇಡಿ. ನನ್ನ ಆಂಪ್ ಸುಟ್ಟುಹೋಯಿತು. ಅದಕ್ಕೂ ಮುಂಚೆ ನನಗೇ ಸ್ಟೇಜಿನ ಮೇಲೆ ಕರೆಂಟ್ ಹೊಡೆಯಿತು.

ಗಲ್ಫ್ ಸಾಮಾನು ನಮ್ಮೂರಿಗೆ ಹೊಸತಲ್ಲ. ಕಾಸರಗೋಡಿನಲ್ಲಿ ಮನೆಗೊಬ್ಬರಾದರೂ ಆ ಕಡೆ ದುಡಿದವರು ಇರುತ್ತಾರೆ. ಟೇಪ್ ರೆಕಾರ್ಡರಿನ ಕಾಲದಿಂದಲೂ ಅಲ್ಲಿಂದ ಬಂದ ವಸ್ತು ಅಂದರೆ ಒಳ್ಳೇದು ಅಂತಲೇ ಲೆಕ್ಕ. ಆ ನಂಬಿಕೆ ಸುಳ್ಳೇನೂ ಅಲ್ಲ. ಆದರೆ ಗಲ್ಫ್ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಅಲ್ಲಿನ ಕರೆಂಟ್ ಮಾತ್ರ ಒಂದೇ ಅಲ್ಲ. ದುಬೈ, ಕತಾರ್, ಕುವೈತ್, ಒಮಾನ್‌ಗಳಲ್ಲಿ ಹೆಚ್ಚುಕಮ್ಮಿ ನಮ್ಮ ಹಾಗೆಯೇ, 220ರಿಂದ 240 ವೋಲ್ಟ್, 50 ಹರ್ಟ್ಸ್. ಸೌದಿಯಲ್ಲಿ ಬಹಳ ಕಾಲ ಮನೆಗಳಲ್ಲಿ 127 ವೋಲ್ಟ್ ಇತ್ತು, ಅದೂ 60 ಹರ್ಟ್ಸ್. ಹಾಗಾಗಿ ಅಮೇರಿಕದ 120 ವೋಲ್ಟಿನ ಆಂಪ್ ಅಲ್ಲಿ ನೇರವಾಗಿ ನಡೆಯುತ್ತಿತ್ತು. ಇಲ್ಲಿ ನಮ್ಮ 230ಕ್ಕೆ ಸಿಕ್ಕಿಸಿದರೆ ಒಂದು ಕ್ಷಣವೂ ಬಾಳುವುದಿಲ್ಲ.

ನನಗೆ ಮಾರಿದವರು ಆಂಪಿನ ಯಜಮಾನರಲ್ಲ, ನಡುವಿನವರು. ಹಳೆ ಕೀಬೋರ್ಡ್, ಮಿಕ್ಸರ್, ಸ್ಪೀಕರ್ ಅಂತ ಕೊಂಡು ಮಾರುವ ವ್ಯಾಪಾರ. 15 ಇಂಚಿನ ಸ್ಪೀಕರ್ ಒಳಗೇ ಇರುವ ಕಾಂಬೋ ಆಂಪ್, ಒಳ್ಳೆ ಕಂಪನಿಯದು, ಮೈಮೇಲೆ ಒಂದು ಗೀರೂ ಇಲ್ಲ. ಹಿಂದುಗಡೆ ಪವರ್ ಕಾರ್ಡ್ ಹೊರಡುವ ಜಾಗದ ಪಕ್ಕದಲ್ಲಿ ಕಪ್ಪು ಸ್ಟಿಕ್ಕರ್, ಅದರಲ್ಲಿ ಬಿಳಿ ಅಕ್ಷರದಲ್ಲಿ 220 ವೋಲ್ಟ್. ಪಿನ್ನು ಚಪ್ಪಟೆಯದು. ಯಾಕೆ ಹೀಗೆ ಅಂತ ಕೇಳಿದೆ. "ಗಲ್ಫಲ್ಲಿ ಎಲ್ಲ ಹೀಗೇ ಅಣ್ಣಾ, ಅಡಾಪ್ಟರ್ ಹಾಕಿದ್ರೆ ಆಯ್ತು" ಅಂದರು. ಪೆಟ್ಟಿಗೆ ಯಾಕೆ ಅಂದೆ. "ಇಲ್ಲಿ ಕರೆಂಟು ಏರಿಳಿತ ಉಂಟಲ್ಲಾ, ಆಂಪಿಗೆ ಸೇಫ್ಟಿ. ಸ್ಟೆಬಿಲೈಸರ್." ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುವ, ಸಂಜೆಯಾದರೆ ಬಲ್ಬು ಮಂಕಾಗುವ ಊರಿನಲ್ಲಿ ಈ ಮಾತು ಯಾರಿಗೂ ಅನುಮಾನ ತರುವುದಿಲ್ಲ. ಅಂದಹಾಗೆ ದುಬೈ ಕಡೆಯ ಪಿನ್ನು ಚಪ್ಪಟೆ ಎರಡು ಪಟ್ಟಿಯದ್ದಲ್ಲ, ಬ್ರಿಟಿಷ್ ಮಾದರಿಯ ಚೌಕದ ಮೂರು ಪಿನ್ನು. ಅಮೇರಿಕದ ಚಪ್ಪಟೆ ಪಿನ್ನು ಕಂಡರೆ 110-120ರ ವಸ್ತು ಅಂತಲೇ ಮೊದಲು ಎಣಿಸಿ, ಅಲ್ಲ ಅಂತ ತೋರಿಸುವ ಕೆಲಸ ಮಾರುವವರದ್ದು.

ಮನೆಯಲ್ಲಿ ನುಡಿಸುವಾಗ ಆಂಪ್ ಚಂದ ಇತ್ತು. ಸಣ್ಣ ಗುಂಯ್ ಶಬ್ದ ಇತ್ತು ನಿಜ. ಆದರೆ ಬೇಸ್ ನುಡಿಸುವವರಿಗೆ ಗೊತ್ತು, ತಂತಿಯ ಕಂಪನ ಹಿಡಿಯುವ ಪಿಕಪ್ ಇರುವಲ್ಲಿ ಹಮ್ಮಿಂಗ್ ಇದ್ದದ್ದೇ. ತಂತಿ ಮುಟ್ಟಿದರೆ ಅದು ಕಡಿಮೆಯಾಗುತ್ತದೆ. ಯಾಕೆ ಕಡಿಮೆಯಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅಪಾಯ ಇರುವುದು ಅಲ್ಲೇ. ಗಿಟಾರಿನ ಒಳಗೆ, ತಂತಿಗಳು ಕೂರುವ ಲೋಹದ ಬ್ರಿಡ್ಜಿನಿಂದ ಒಂದು ವೈರು ಹೊರಟು ಜ್ಯಾಕಿನ ಹೊರಭಾಗಕ್ಕೆ ಸೇರಿರುತ್ತದೆ. ಅಲ್ಲಿಂದ ಕೇಬಲ್ಲಿನ ಜಾಳಿಗೆ, ಅಲ್ಲಿಂದ ಆಂಪಿನ ಚಾಸಿಸ್ ಅಂದರೆ ತಗಡಿನ ಚೌಕಟ್ಟು, ಚಾಸಿಸ್‌ನಿಂದ ಪ್ಲಗ್ಗಿನ ಅರ್ಥ್ ಪಿನ್ನು, ಅಂದರೆ ಭೂಮಿಗೆ ಸೇರುವ ಪಿನ್ನು. ಅಂದರೆ ನೀವು ತಂತಿ ಮುಟ್ಟಿದಾಗೆಲ್ಲ ಆಂಪಿನ ತಗಡನ್ನೇ ಮುಟ್ಟಿದ ಹಾಗೆ. ಅರ್ಥ್ ಸರಿ ಇದ್ದರೆ ಅದು ನಿಮಗೆ ರಕ್ಷಣೆ. ಅರ್ಥ್ ಇಲ್ಲದಿದ್ದರೆ ಆಂಪಿನೊಳಗೆ ಸೋರುವ ಕರೆಂಟ್‌ಗೆ ಹೋಗಲು ದಾರಿ ಬೇಕು, ಆ ದಾರಿ ನಿಮ್ಮ ಬೆರಳು.

ಈಸ್ಟರ್ ಕಳೆದ ಮೇಲೆ ನಮ್ಮ ಕಡೆ ಕ್ರಿಶ್ಚಿಯನ್ ಮದುವೆಗಳ ಸೀಸನ್. ಬೇಳ, ಮಂಜೇಶ್ವರ ಕಡೆ ಮದುವೆಯ ಹಿಂದಿನ ದಿನ ರೋಸ್ ಇರುತ್ತದೆ, ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅದಕ್ಕೆ ಬ್ಯಾಂಡು ಬೇಕೇ ಬೇಕು. ಕೊಂಕಣಿ ಹಾಡಿನಿಂದ ಶುರುವಾಗಿ ರಾತ್ರಿಯಾಗುತ್ತಾ ತುಳು, ಮಲಯಾಳ, ಹಿಂದಿ ಎಲ್ಲ ಬರುತ್ತದೆ. ಅಂಥದ್ದೊಂದು ಮನೆಯಂಗಳ. ಸಂಜೆ ಮಳೆ ಹೊಡೆದು ಚಪ್ಪರದ ಕೆಳಗೂ ಒದ್ದೆ. ನನಗೆ ಕೋರಸ್ಸಿಗೆ ಒಂದು ಮೈಕ್ ಇತ್ತು. ಹಾಡಲು ಬಾಯಿ ಹತ್ತಿರ ತಂದೆ ಅಷ್ಟೇ, ತುಟಿಗೆ ಸೂಜಿ ಚುಚ್ಚಿದ ಹಾಗೆ ಪಟ್ ಅಂತ ಹೊಡೆಯಿತು. ಮೈಕ್ ಮಿಕ್ಸರಿನ ಮೂಲಕ ಅರ್ಥ್ ಆಗಿತ್ತು, ನಾನು ತಂತಿ ಹಿಡಿದಿದ್ದೆ, ಆಂಪಿಗೆ ಅರ್ಥ್ ಇರಲಿಲ್ಲ. ನಡುವೆ ನಾನು.

ಮೈಕ್ ಸೆಟ್ಟಿನ ಹುಡುಗ ತಕ್ಷಣ ಸ್ಪಂಜಿನ ಟೊಪ್ಪಿ ತಂದು ಮೈಕಿಗೆ ಹಾಕಿದ. "ಇನ್ನು ಹೊಡೆಯುದಿಲ್ಲ ಅಣ್ಣಾ." ಹೊಡೆಯಲಿಲ್ಲ, ಸರಿ. ಈ ಸ್ಪಂಜಿನ ಉಪಾಯ ನಮ್ಮ ಕಡೆ ಎಲ್ಲ ಸ್ಟೇಜಿನಲ್ಲೂ ನಡೆಯುತ್ತದೆ, ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ. ಶಾಕ್ ನಿಂತದ್ದಲ್ಲ, ಮುಚ್ಚಿಟ್ಟದ್ದು. ಸ್ಪಂಜು ಬೆವರಿಗೆ, ಎಂಜಲಿಗೆ ಒದ್ದೆಯಾದರೆ ಮತ್ತೆ ಅದೇ ಕತೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಅನ್ನುವ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೇಜಿನ ಮೇಲೆಯೇ ಶಾಕ್ ಹೊಡೆದು ಸತ್ತರು. ಅರ್ಥ್ ಸರಿ ಇಲ್ಲದ ಮೈಕ್ ಮುಟ್ಟಿದ್ದು ಕಾರಣ. ನಾಲ್ಕು ವರ್ಷ ಕಳೆದು ಯಾರ್ಡ್‌ಬರ್ಡ್ಸ್‌ನಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ಮನೆಯಲ್ಲಿ ಗಿಟಾರ್ ನುಡಿಸುವಾಗ ಹೀಗೆಯೇ ಹೋದರು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ಆ ರಾತ್ರಿಯ ಎರಡನೇ ಭಾಗ ಇನ್ನೂ ಚಂದ. ಜೋರು ಹಾಡುಗಳು ಶುರುವಾದ ಮೇಲೆ ಪೆಟ್ಟಿಗೆಯಿಂದ ವಾರ್ನಿಷ್ ಸುಟ್ಟ ವಾಸನೆ ಬಂತು. ಬೇಸಿನ ದಪ್ಪದ 'ಇ' (E) ತಂತಿಯ ಸ್ವರ 41 ಹರ್ಟ್ಸ್. ಐದು ತಂತಿಯ ಬೇಸಾದರೆ 'ಬಿ' (B) ತಂತಿ ಇನ್ನೂ ಕೆಳಗೆ, 31ರ ಹತ್ತಿರ. ಇಷ್ಟು ಕೆಳಗಿನ ಸ್ವರವನ್ನು ಬಯಲಿನಲ್ಲಿ ಕೇಳಿಸಬೇಕಾದರೆ ಆಂಪ್ ತುಂಬಾ ಕರೆಂಟ್ ಎಳೆಯುತ್ತದೆ. ಮನೆಯ ಕೋಣೆಯಲ್ಲಿ ವಾಲ್ಯೂಮ್ ಕಾಲು ಭಾಗ ಇಟ್ಟು ನುಡಿಸಿದರೆ ಇದು ಗೊತ್ತೇ ಆಗುವುದಿಲ್ಲ. ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿಯಾಗಿ ಸತ್ತಿತು. ಮಾರಿದವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸ್ಪೀಕರಿನಲ್ಲೇ ಹಾಕಿದ್ದೆ, ಬ್ಯಾಂಡಿನವರೆಲ್ಲ ಕೇಳಿಸಿಕೊಂಡರು: "ಅದು ಇಲ್ಲದೆಯೂ ಆಗ್ತದೆ, ನೇರ ಹಾಕಿ ಮಾರಾಯ್ರೆ. ಸ್ಟೆಬಿಲೈಸರ್ ಅಷ್ಟೇ ಅಲ್ವಾ?"

ನೇರ ಹಾಕಿದೆವು. ಸ್ವಿಚ್ ಒತ್ತಿದ್ದೇ ಸ್ಪೀಕರ್ ಒಮ್ಮೆ ಮುಂದಕ್ಕೆ ಎಗರಿ, ಒಳಗೆ ಪಟಾಕಿ ಸಿಡಿದಂಥ ಶಬ್ದ, ಹೊಗೆ. ಮದುಮಗಳ ತಂದೆ ಓಡಿಬಂದು ಮೇನ್ ಸ್ವಿಚ್ ಆಫ್ ಮಾಡಿದರು. ಉಳಿದ ಹಾಡುಗಳಿಗೆ ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ನುಡಿಸಿದರು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅನ್ನುವುದು ಬೇರೆಯೇ ಬೇಜಾರು.

ಮಂಗಳೂರಿನಲ್ಲಿ ಆಂಪ್ ಬಿಚ್ಚಿದ ಟೆಕ್ನೀಷಿಯನ್ ಒಳ್ಳೆಯವರು, ಒಂದೊಂದನ್ನೂ ತೋರಿಸಿದರು. ಕಪ್ಪು ಸ್ಟಿಕ್ಕರಿನ ಅಡಿಯಲ್ಲಿ ಕಂಪನಿಯ ಅಚ್ಚು ಹಾಗೇ ಇತ್ತು: 120 ವೋಲ್ಟ್, 60 ಹರ್ಟ್ಸ್. ಫ್ಯೂಸ್ ಗಾಜಿನ ಕೊಳವೆಯ ಮೇಲೆ ತಾಮ್ರದ ಎಳೆ ಸುತ್ತಿ ಕೂರಿಸಿದ್ದರು. ಆ ಎಳೆ ಇಲ್ಲದಿದ್ದರೆ ಹತ್ತಿಪ್ಪತ್ತು ರೂಪಾಯಿಯ ಫ್ಯೂಸ್ ಹೋಗಿ ಆಂಪ್ ಉಳಿಯುವ ಸಾಧ್ಯತೆ ಇತ್ತು. ಒಳಗಿನ ದೊಡ್ಡ ಕೆಪಾಸಿಟರ್‌ಗಳು 50 ವೋಲ್ಟ್ ತಡೆಯುವಂಥವು, ಅವಕ್ಕೆ ಬಂದದ್ದು 80ರ ಹತ್ತಿರ. ಔಟ್‌ಪುಟ್ ಟ್ರಾನ್ಸಿಸ್ಟರುಗಳೂ, ಮೇನ್ ಟ್ರಾನ್ಸ್‌ಫಾರ್ಮರೂ ಹೋಗಿದ್ದವು. ಇನ್ನು ಆ ಪೆಟ್ಟಿಗೆ. ಅದು ಸ್ಟೆಬಿಲೈಸರೇ ಅಲ್ಲ, 230ನ್ನು 110ಕ್ಕೆ ಇಳಿಸುವ ಸ್ಟೆಪ್ ಡೌನ್. ಹೊರಗೆ ನೋಡಿದರೆ ಮೂರು ಪಿನ್ನಿನ ಪ್ಲಗ್ಗು, ಮೂರು ತೂತಿನ ಸಾಕೆಟ್ಟು. ಒಳಗೆ ಎರಡೇ ವೈರು. ಅರ್ಥ್ ಪಿನ್ನು ಸುಮ್ಮನೆ ಅಲಂಕಾರಕ್ಕೆ.

ಆಂಪಿನ ಮೊದಲ ಯಜಮಾನರನ್ನೂ ಹುಡುಕಿ ಮಾತಾಡಿದೆ. ಕುಂಬಳೆ ಕಡೆಯವರು, ಸೌದಿಯ ದಮ್ಮಾಮಿನಲ್ಲಿ ಇದ್ದವರು. "ನಾನು 110ರದ್ದು ಅಂತ ಹೇಳಿಯೇ ಕೊಟ್ಟದ್ದು, ಸ್ಟಿಕ್ಕರ್ ಇರಲಿಲ್ಲ" ಅಂದರು. ಪಾಪ, ಅವರಿಗೂ ಬೇಸರವಾಯಿತು. ಮಾರಿದವರು ಮಾತ್ರ "ಸ್ಟೇಜಲ್ಲಿ ಜಾಸ್ತಿ ಸೌಂಡ್ ಇಟ್ಟದ್ದಕ್ಕೆ ಹೋದದ್ದು" ಅಂತ ಹೇಳಿ ಫೋನ್ ಇಟ್ಟರು.

ಈಗ ನಾನು ಹಳೆ ಆಂಪ್ ನೋಡಲು ಹೋಗುವಾಗ ಜೇಬಿನಲ್ಲಿ ಮಲ್ಟಿಮೀಟರ್ ಇರುತ್ತದೆ. ನಾಚಿಕೆ ಬೇಡ, ಸಣ್ಣದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪ್ಲಗ್ ಗೋಡೆಯಿಂದ ಹೊರಗೇ ಇರಲಿ. ನಿಮ್ಮ ಬೇಸನ್ನು ಕೇಬಲ್ ಹಾಕಿ ಆಂಪಿಗೆ ಜೋಡಿಸಿ. ಮೀಟರನ್ನು ಬೀಪ್ ಮಾಡುವ ಜಾಗದಲ್ಲಿಟ್ಟು, ಒಂದು ಮೊನೆ ಬೇಸಿನ ಬ್ರಿಡ್ಜಿಗೆ, ಇನ್ನೊಂದು ಪ್ಲಗ್ಗಿನ ದಪ್ಪ ಉದ್ದ ಪಿನ್ನಿಗೆ. ಬೀಪ್ ಬರಬೇಕು. ಬಾರದಿದ್ದರೆ ಅರ್ಥ್ ಎಲ್ಲೋ ಕಡಿದಿದೆ. ಕೆಲವು ಹೊಸ ಆಂಪ್‌ಗಳಲ್ಲಿ ಹಮ್ಮಿಂಗ್ ಕಡಿಮೆ ಮಾಡಲೆಂದು ನಡುವೆ ಸಣ್ಣ ರೆಸಿಸ್ಟರ್ ಕೂರಿಸಿರುತ್ತಾರೆ, ಆಗ ಬೀಪ್ ಬರದೆ ಸಣ್ಣ ಓಮ್ ತೋರಿಸಬಹುದು. ಅಂಥದ್ದರಲ್ಲಿ ಆಂಪಿನ ಹೊರ ತಗಡಿನಿಂದ ಪಿನ್ನಿಗೆ ಇಟ್ಟು ನೋಡಿ, ಅಲ್ಲಿ ಬೀಪ್ ಬಂದೇ ಬರಬೇಕು. ಹಮ್ಮಿಂಗ್ ತಪ್ಪಿಸಲು ಅರ್ಥ್ ಪಿನ್ನನ್ನೇ ಕತ್ತರಿಸಿದ ಆಂಪ್‌ಗಳು ನಮ್ಮ ಕಡೆ ಬೇಕಾದಷ್ಟಿವೆ.

ತಗಡಿನ ಮೇಲಿನ ವೋಲ್ಟ್ ಓದುವಾಗ ಹರ್ಟ್ಸ್ ಕೂಡ ಓದಿ. 50/60 ಅಂತ ಇದ್ದರೆ ಚಿಂತೆಯಿಲ್ಲ. ಬರೀ 60 ಇದ್ದರೆ, ಒಳ್ಳೆ ಸ್ಟೆಪ್ ಡೌನ್ ಹಾಕಿದರೂ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗುತ್ತದೆ, ಯಾಕೆಂದರೆ ಸ್ಟೆಪ್ ಡೌನ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಕೆಲವು ಆಂಪ್‌ಗಳಲ್ಲಿ 115/230 ಅಂತ ಸಣ್ಣ ಸ್ವಿಚ್ ಇರುತ್ತದೆ. ಅದಿದ್ದರೆ ಪುಣ್ಯ. ಹಗುರ ತೂಕದ ಹೊಸ ಹೆಡ್‌ಗಳಲ್ಲಿ (ಒಳಗೆ ಸ್ಪೀಕರ್ ಇಲ್ಲದ ಆಂಪ್‌ಗಳಲ್ಲಿ) ಹಲವು 100ರಿಂದ 240ರವರೆಗೆ ತಾವಾಗಿ ಹೊಂದಿಕೊಳ್ಳುತ್ತವೆ. ಎಲ್ಲವೂ ಅಲ್ಲ, ಹಾಗಾಗಿ ಓದಲೇಬೇಕು. ಅಕ್ಷರದ ಮೇಲೆ ಸ್ಟಿಕ್ಕರ್ ಇದ್ದರೆ ಉಗುರಿನಿಂದ ಕೆರೆಯಿರಿ. ಮಾರುವವರು ಬೇಡ ಅಂದರೆ ಎದ್ದು ಬನ್ನಿ.

"ಎಕ್ಸ್ಟ್ರಾ ಕ್ಯಾಬಿನೆಟ್ ಕೂಡ ಕೊಡ್ತೇನೆ" ಅಂತ ಸ್ಪೀಕರಿನ ಪೆಟ್ಟಿಗೆ ತೋರಿಸಿದರೆ ಅದರ ಓಮ್ ನೋಡಿ. ಎರಡು 8 ಓಮಿನ ಕ್ಯಾಬಿನೆಟ್ ಪ್ಯಾರಲಲ್ ಸೇರಿಸಿದರೆ 4 ಓಮ್, ಎರಡು 4 ಸೇರಿಸಿದರೆ 2. ಹೆಚ್ಚಿನ ಟ್ರಾನ್ಸಿಸ್ಟರ್ ಆಂಪ್‌ಗಳಿಗೆ 4 ಓಮಿಗಿಂತ ಕಡಿಮೆಯದ್ದು ಜೋಡಿಸಬಾರದು. ಕ್ಯಾಬಿನೆಟ್ಟಿಗೆ ಗಿಟಾರಿನ ಕೇಬಲ್ ಹಾಕಬೇಡಿ, ಎರಡೂ ನೋಡಲು ಒಂದೇ ಥರ ಇದ್ದರೂ ಗಿಟಾರ್ ಕೇಬಲ್ಲಿನ ಒಳಗಿನ ಎಳೆ ತೀರಾ ಸಪೂರ.

ಆಂಪ್ ಮಾರಿದವರೇ ನನಗೆ "ಹೊಸ ಸೆಟ್" ಅಂತ ಬೇಸ್ ತಂತಿಗಳನ್ನೂ ಕೊಟ್ಟಿದ್ದರು. ಒಳ್ಳೆ ಕಂಪನಿಯ ಕವರು, ಒಳಗೆ ಕುದಿಸಿ ಹೊಳಪು ಬರಿಸಿದ ಹಳೆ ತಂತಿ. ಬೇಸ್ ತಂತಿ ದುಬಾರಿ, ಕುದಿಸುವುದು ನಾವೂ ಮಾಡುತ್ತೇವೆ. ಎಳೆಗಳ ನಡುವಿನ ಬೆವರು, ಕೊಳೆ ಹೋಗಿ ಸ್ವಲ್ಪ ದಿನ ಸ್ವರ ಬಿಚ್ಚಿಕೊಳ್ಳುತ್ತದೆ. ಅದನ್ನು ಹೊಸತು ಅಂತ ಮಾರುವುದು ಬೇರೆ ವಿಷಯ. ಗುರುತು ಹಿಡಿಯುವುದು ಸುಲಭ: ಒಮ್ಮೆ ಬಿರಡೆಗೆ ಸುತ್ತಿದ ತಂತಿಯ ತುದಿ ಎಷ್ಟು ನೇರ ಮಾಡಿದರೂ ಅಂಕುಡೊಂಕಾಗಿಯೇ ಇರುತ್ತದೆ. ತಂತಿಯ ಅಡಿಯಲ್ಲಿ ಬೆರಳು ಆಡಿಸಿದರೆ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಾಗಿದ ಸಣ್ಣ ಸಣ್ಣ ಕಚ್ಚುಗಳು ಸಿಗುತ್ತವೆ. ಸಮುದ್ರದ ಗಾಳಿಯ ನಮ್ಮೂರಿನಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಹೊಸತು ಅಂದ ಸೆಟ್ಟಿನ ಬಾಲ್ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಮತ್ತೆ ಪ್ರಶ್ನೆಯೇ ಇಲ್ಲ.

ಮೊನ್ನೆ ವಾಟ್ಸಾಪಿನಲ್ಲಿ ಅದೇ ಮಾರಾಟಗಾರರು ಇನ್ನೊಂದು ಆಂಪಿನ ಫೋಟೋ ಹಾಕಿದ್ದಾರೆ. ಈ ಸಲ 10 ಇಂಚಿನ ಎರಡು ಸ್ಪೀಕರ್. ಫೋಟೋ ದೊಡ್ಡದು ಮಾಡಿ ನೋಡಿದೆ, ಪವರ್ ಕಾರ್ಡಿನ ಪಕ್ಕದಲ್ಲಿ ಅದೇ ಕಪ್ಪು ಸ್ಟಿಕ್ಕರ್, ಅದೇ ಬಿಳಿ ಅಕ್ಷರ. ಗುಂಪಿನಲ್ಲಿ ಇಬ್ಬರು ಆಗಲೇ ರೇಟು ಕೇಳಿದ್ದಾರೆ. ಆ ಇಬ್ಬರಿಗೂ ಫೋನ್ ಮಾಡಿ ಹೇಳಿದ್ದೇನೆ. ಬೇರೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದರೆ, ತರುವ ಮುಂಚೆ ನನ್ನನ್ನು ಕರೆಯಿರಿ. ಮೀಟರ್ ಹಿಡಿದು ನಾನೂ ಬರುತ್ತೇನೆ.